ಕಾಯಿ ನಿಂತಿತು, ನೀರೆಲ್ಲಿ?

ಹುಮನಾಬಾದ್ ಸೀಮೆಯ ಬೇಮಳಖೇಡದ ಕಡೆ ಬೋರು ಹಾಕಿಸುವವರು ಮೊದಲು ನೀರು ತೋರಿಸುವವನನ್ನು ಕರೆಯುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಆತ ಹೊಲ ಸುತ್ತುತ್ತಾನೆ. ಎಲ್ಲೋ ಒಂದು ಕಡೆ ಕಾಯಿ ನೆಟ್ಟಗೆ ಎದ್ದು ನಿಲ್ಲುತ್ತದೆ. ಅಲ್ಲೇ ಪಾಯಿಂಟ್. ನೂರಾರು ಅಡಿ ಕೊರೆದ ಮೇಲೆ ಬರೀ ದೂಳೆದ್ದರೆ ಆತನಿಗೇನೂ ನಷ್ಟವಿಲ್ಲ. ಮುಂದಿನ ಗಿರಾಕಿಗೆ ನೀರು ಬಿದ್ದ ಬೋರುಗಳನ್ನಷ್ಟೇ ತೋರಿಸುತ್ತಾನೆ. ಒಣಗಿದ್ದರ ಮಾತೆತ್ತಿದರೆ, 'ಅದನ್ನ ಬಿಡ್ರಿ, ಇದನ್ನ ನೋಡ್ರಿ.' ಇದಕ್ಕೆ ಮೂಢನಂಬಿಕೆ ಎಂದು ಹೆಸರು. ಇದನ್ನೇ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಮಾಡಿದರೆ 'ನೇಚರ್' ಪತ್ರಿಕೆ ಅಚ್ಚು ಹಾಕುತ್ತದೆ.

ಅಲ್ಲಿ ಹುಡುಕುತ್ತಿದ್ದದ್ದು ಮಯೋರಾನಾ. 1937ರಲ್ಲಿ ಇಟಲಿಯ ಎಟ್ಟೋರೆ ಮಯೋರಾನಾ, ತನಗೆ ತಾನೇ ಪ್ರತಿಕಣವಾದ ಕಣವೊಂದು ಇರಬಹುದೆಂದು ಲೆಕ್ಕ ಹಾಕಿದ. ಮರುವರ್ಷ ಪಲೆರ್ಮೋದಲ್ಲಿ ಹಡಗು ಹತ್ತಿದವ ನಾಪತ್ತೆಯಾದ. ಆತನನ್ನು ಕಂಡೆವೆಂದವರು ಆಗಾಗ ಹುಟ್ಟಿಕೊಂಡರು. ಕಣದ ಹಣೆಬರಹವೂ ಅಷ್ಟೇ.

ಕೂದಲಿಗಿಂತ ನೂರಾರು ಪಟ್ಟು ತೆಳ್ಳನೆಯ ಅರೆವಾಹಕ ತಂತಿಗೆ ಅಲ್ಯೂಮಿನಿಯಂ ಹೊದಿಸಿ, ಪರಮಶೂನ್ಯದ ಹತ್ತಿರಕ್ಕೆ ತಣಿಸಿ, ಕಾಂತಕ್ಷೇತ್ರ ಏರಿಸಿದರೆ ಅದು ಟೊಪಾಲಾಜಿಕಲ್ ಸೂಪರ್‌ಕಂಡಕ್ಟರ್ ಆಗಿ, ಎರಡು ತುದಿಗಳಲ್ಲಿ ಮಯೋರಾನಾ ಜೋಡಿ ಕೂರಬೇಕು ಎನ್ನುತ್ತದೆ ಸಿದ್ಧಾಂತ. ಗುರುತೇನೆಂದರೆ, ವೋಲ್ಟೇಜ್ ಸೊನ್ನೆಯಾದಲ್ಲಿ ವಾಹಕತೆಯ ಗ್ರಾಫಿನಲ್ಲಿ ಒಂದು ಶಿಖರ. ಅದರ ಎತ್ತರವೂ ನಿಗದಿ. ತೊಡಕು ಇಲ್ಲೇ ಇದೆ. ತಂತಿಯೊಳಗಿನ ಕಸಕಡ್ಡಿಯೂ ಅಂಥದ್ದೇ ಶಿಖರ ಎಬ್ಬಿಸುತ್ತದೆ. ಆಂಡ್ರೀವ್ ಸ್ಥಿತಿ ಎಂಬ ಈ ವೇಷಗಾರ ಒಂದೇ ತುದಿಯಲ್ಲಿ ಕೂತು, ಗೇಟ್ ವೋಲ್ಟೇಜಿನ ಗುಂಡಿ ತುಸು ತಿರುಗಿಸಿದರೆ ಸಾಕು, ಹೇಳಿದ ಎತ್ತರಕ್ಕೆ ನಿಲ್ಲಬಲ್ಲ. ಅಸಲಿಯಾದರೆ ಎರಡೂ ತುದಿಯಲ್ಲಿ ಒಟ್ಟಿಗೆ ಕಾಣಬೇಕು, ಗುಂಡಿ ತಿರುವಿದರೂ ಕದಲಬಾರದು. ಅಷ್ಟು ತಾಳ್ಮೆ ಯಾರಿಗಿದೆ?

2018ರ ಮಾರ್ಚಿನಲ್ಲಿ ಡೆಲ್ಫ್ಟ್‌ನ ಲಿಯೋ ಕೌವೆನ್‌ಹೋವೆನ್ ತಂಡ ತಂತಿಯ ಶಿಖರವನ್ನು ಸರಿಯಾಗಿ ಆ ಎತ್ತರಕ್ಕೇ ಮಟ್ಟಸ ಮಾಡಿ ತೋರಿಸಿತು. ಸೆರ್ಗೇ ಫ್ರೊಲೊವ್ ಮತ್ತು ವಿನ್ಸೆಂಟ್ ಮೌರಿಕ್ ಎಂಬ ಇಬ್ಬರು ಕೇಡಿಗರು ಕಚ್ಚಾ ದತ್ತಾಂಶ ಕೊಡಿ ಎಂದರು. ಕೊಟ್ಟ ಮೇಲೆ ನೋಡಿದರೆ, ಅಚ್ಚಾದ ಗ್ರಾಫಿಗೆ ಕತ್ತರಿ ಬಿದ್ದಿತ್ತು. ಪೂರ್ತಿ ಬಿಡಿಸಿದಾಗ ಗೆರೆ ನಿಗದಿತ ಎತ್ತರವನ್ನೂ ದಾಟಿ ಹೋಗಿತ್ತು. 2021ರ ಮಾರ್ಚಿನಲ್ಲಿ ಪ್ರಬಂಧ ವಾಪಸಾಯಿತು. ಮೋಸದ ಉದ್ದೇಶವಿರಲಿಲ್ಲ, ಆ ಗಳಿಗೆಯ ಉಮೇದಿನಲ್ಲಿ ಹಾಗಾಯಿತು ಎಂದು ತಜ್ಞರ ಸಮಿತಿ ಹೇಳಿತು. ಉಮೇದು ನಮ್ಮ ಕಾಯಿ ಹಿಡಿದವನಿಗೂ ಇದೆ, ಪಾಪ, ಸಮಿತಿಯೊಂದಿಲ್ಲ.

ಬೆಂಗಳೂರು ಹಿಂದೆ ಬೀಳುವ ಊರೇ? 2018ರ ಜುಲೈನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ, ಚಿನ್ನದೊಳಗೆ ಬೆಳ್ಳಿಯ ನ್ಯಾನೋಕಣ ಹುದುಗಿಸಿದರೆ ಅದು 236 ಕೆಲ್ವಿನ್‌ನಲ್ಲೇ, ಅಂದರೆ ಮೈನಸ್ 37 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್ ಆಗಿ, ಅಡ್ಡಿಯಿಲ್ಲದೆ ವಿದ್ಯುತ್ ಹರಿಸುತ್ತದೆ ಎಂದರು. ಇದು ಟೊಪಾಲಾಜಿಕಲ್ ಅಲ್ಲ, ಸಾದಾ ತಳಿ. ಎಂಐಟಿಯ ಬ್ರಯಾನ್ ಸ್ಕಿನ್ನರ್ ಗ್ರಾಫನ್ನು ಹಿಗ್ಗಿಸಿ ನೋಡಿದರು: ಹಸಿರು ಚುಕ್ಕಿಗಳದ್ದು ಒಂದು ಕಾಂತಕ್ಷೇತ್ರ, ನೀಲಿಯದ್ದು ಇನ್ನೊಂದು. ಎರಡರಲ್ಲೂ ಅಳತೆಯ ನಡುಕ ಮಾತ್ರ ಚುಕ್ಕಿಗೆ ಚುಕ್ಕಿ ಒಂದೇ! ಸಿಗ್ನಲ್ ಮರುಕಳಿಸಲಿ ಎಂದು ವಿಜ್ಞಾನಿಗಳು ಹರಕೆ ಹೊರುತ್ತಾರೆ. ಇಲ್ಲಿ ಗದ್ದಲವೇ ಮರುಕಳಿಸಿತ್ತು. 2019ರಲ್ಲಿ ಇನ್ನಷ್ಟು ಲೇಖಕರು, ಇನ್ನಷ್ಟು ಗ್ರಾಫುಗಳೊಡನೆ ಹೊಸ ಆವೃತ್ತಿ ಬಂತು. ಹುಮನಾಬಾದಿನ ಜೆಸ್ಕಾಂ ತಂತಿ ಇನ್ನೂ ಅಲ್ಯೂಮಿನಿಯಂನದೇ.

ಮತ್ತೆ ಮಯೋರಾನಾಕ್ಕೆ ಬರೋಣ. 2025ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಕ್ವಾಂಟಮ್ ಕಂಪ್ಯೂಟರಿಗೆಂದು 'ಮಯೋರಾನಾ 1' ಚಿಪ್ ಹೊರತಂದು ಡಂಗುರ ಹೊಡೆಸಿತು. ಜೊತೆಗೇ ಬಂದ ಪ್ರಬಂಧದ ವಿಮರ್ಶಾ ಕಡತಕ್ಕೆ 'ನೇಚರ್' ಸಂಪಾದಕರು ಒಂದು ಟಿಪ್ಪಣಿ ಅಂಟಿಸಿದ್ದರು: ಇಲ್ಲಿನ ಫಲಿತಾಂಶಗಳು ಮಯೋರಾನಾ ಇದೆ ಎಂಬುದಕ್ಕೆ ಪುರಾವೆಯಲ್ಲ. ನಾಮಕರಣವಾಗಿದೆ, ಕೂಸು ಹುಟ್ಟಿದ್ದಕ್ಕೆ ದಾಖಲೆಯಿಲ್ಲ. ಅಸಲಿ–ನಕಲಿ ಬೇರ್ಪಡಿಸಲು ಕಂಪನಿ ತಾನೇ ಒಂದು ಪರೀಕ್ಷೆಯನ್ನೂ ಹೊಸೆದಿತ್ತು. ಅಳತೆಯ ವ್ಯಾಪ್ತಿ ತುಸು ಹೆಚ್ಚುಕಡಿಮೆ ಮಾಡಿದರೆ ಅದೇ ತಂತಿ ಪಾಸೂ ಆಗುತ್ತದೆ, ಫೇಲೂ ಆಗುತ್ತದೆ ಎಂದು ಭೌತವಿಜ್ಞಾನಿ ಹೆನ್ರಿ ಲೆಗ್ ತೋರಿಸಿದರು. ಕಂಪನಿ ಒಪ್ಪಲಿಲ್ಲ. ಅಂಗೈಯಗಲದ ಚಿಪ್‌ನಲ್ಲಿ ಮುಂದೆ ಹತ್ತು ಲಕ್ಷ ಕ್ಯೂಬಿಟ್ ಕೂರಲಿವೆಯಂತೆ. ಸದ್ಯಕ್ಕೆ ಎಂಟು ಕೂತಿವೆಯಂತೆ, ಕಂಡವರು ಕಂಪನಿಯವರೇ.