ಗುಲಗಂಜಿ ತೂಕದ ಆಪಲ್ ಬೋಂಡ

"ಯಾರೂ ಏಳ್ಬೇಡಿ. ಇವತ್ತು ಅಡುಗೆಮನೆ ನಂದು."

ಹೀಗೆ ಸಾರಿ, ಟವೆಲನ್ನು ಹೆಗಲಿಗೆ ಎಸೆದುಕೊಂಡು ಒಳಗೆ ಹೋದವರು ಎರಡು ನಿಮಿಷ ಸುಮ್ಮನಿದ್ದರೆ ಹೆಚ್ಚು. ಮೂರನೆಯ ನಿಮಿಷಕ್ಕೆ ಮೊದಲ ಕೂಗು ಬರುತ್ತದೆ. "ಲೇ, ಬಾಣಲೆ ಎಲ್ಲಿಟ್ಟಿದ್ದೀಯೇ?" ಬಾಣಲೆ ಇಪ್ಪತ್ತೆಂಟು ವರ್ಷದಿಂದ ಇದ್ದಲ್ಲೇ ಇದೆ, ಸಿಂಕಿನ ಮೇಲಿನ ಮೊಳೆಯಲ್ಲಿ, ಅವರ ಹಣೆಯಿಂದ ಒಂದು ಗೇಣು ದೂರದಲ್ಲಿ. ಹೆಂಡತಿ ಎದ್ದು ಹೋಗಿ ತೆಗೆದುಕೊಟ್ಟು ಬಂದು ಕೂರುತ್ತಾರೆ. ಕೂತ ಕುರ್ಚಿ ಬಿಸಿಯಾಗುವ ಮುಂಚೆ ಮೈದಾ ಡಬ್ಬಿ, ಆಮೇಲೆ ಏಲಕ್ಕಿ, ಆಮೇಲೆ "ಈ ಲೈಟರ್ ಯಾಕೆ ಹತ್ತಲ್ಲ?"

ನಂಜನಗೂಡಿನ ಯಾವ ಬಡಾವಣೆಗೆ ಹೋದರೂ ಬೀದಿಗಿಬ್ಬರಂತೆ ಇಂಥವರು ಸಿಗುತ್ತಾರೆ. ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಯಲ್ಲಿ ಮೂರು ಪಾಳಿಯನ್ನೂ ಕಂಡು, ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಬೆಳಗಿನ ಜಾವ ಕಪಿಲೆಯ ಸ್ನಾನಘಟ್ಟದ ತನಕ ವಾಕಿಂಗ್, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಪೇಪರು. ಹತ್ತಕ್ಕೆ ಪೇಪರು ಮುಗಿಯುತ್ತದೆ, ದಿನ ಮುಗಿಯುವುದಿಲ್ಲ. ಮೇಲ್ವಿಚಾರಣೆಗೆ ಜನ ಬೇಕಲ್ಲ, ಮನೆಯಲ್ಲಿರುವುದು ಹೆಂಡತಿಯೊಬ್ಬರೇ. ಹೀಗಾಗಿ ಮನೆಯಲ್ಲಿ ಇಡ್ಲಿಗೆ ಬ್ಯಾಚು ಎಂದು ಹೆಸರಾಗಿದೆ, ಉಪ್ಪು ಹೆಚ್ಚಾದ ಸಾರು ರಿಜೆಕ್ಷನ್, ಹಾಲು ಉಕ್ಕಿದರೆ ಪ್ರೊಡಕ್ಷನ್ ಲಾಸ್. ಬೀದಿಯವರೆಲ್ಲ ಅವರನ್ನು ಕರೆಯುವುದೇ ಸೂಪರ್‌ವೈಸರ್ ಎಂದು. ಇಲ್ಲೂ ಹಾಗೇ ಕರೆಯೋಣ.

ಅಂದು ಸೋಮವಾರ. ಟಿ. ನರಸೀಪುರದಿಂದ ಅವರ ಷಡ್ಡಕ ಮತ್ತು ನಾದಿನಿ ನಂಜುಂಡೇಶ್ವರನ ದರ್ಶನಕ್ಕೆ ಬಂದಿದ್ದರು. ಬಂದವರ ಕೈಯಲ್ಲಿ ಒಂದು ಡಜನ್ ಆಪಲ್.

ಈ ಆಪಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಆಪಲ್ ತಿನ್ನುವುದಕ್ಕಿಂತ ಹೆಚ್ಚಾಗಿ ಕೊಡುವುದಕ್ಕೆ ಇರುವ ಹಣ್ಣು. ಆಸ್ಪತ್ರೆಯಲ್ಲಿ ಮಲಗಿದವರಿಗೆ ಬ್ರೆಡ್ಡಿನ ಜೊತೆ ಆಪಲ್, ಹೆಣ್ಣು ನೋಡಲು ಹೋದರೆ ಆಪಲ್, ಮೇಲಧಿಕಾರಿಯ ಮನೆಗೆ ಹೊಸ ವರ್ಷಕ್ಕೆ ಆಪಲ್. ಅಮೆರಿಕದಿಂದ ಬಂದು ಇಲ್ಲೇ ನೆಲೆಸಿದ ಸ್ಯಾಮುಯೆಲ್ ಸ್ಟೋಕ್ಸ್ ಎಂಬವರು 1916ರಲ್ಲಿ ಶಿಮ್ಲಾ ಬಳಿಯ ಕೋಟಗಢದಲ್ಲಿ ರೆಡ್ ಡೆಲಿಷಿಯಸ್ ಗಿಡ ನೆಟ್ಟರು. ಆ ಬೆಟ್ಟದಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ, ಕೋಲ್ಡ್ ಸ್ಟೋರೇಜಿನಲ್ಲಿ ದಿನ ಕಳೆದು, ಮೈಗೆ ಮೇಣ ಬಳಿಸಿಕೊಂಡು, ಸ್ಟಿಕರ್ ಅಂಟಿಸಿಕೊಂಡು ಹಣ್ಣು ನಂಜನಗೂಡಿಗೆ ಬರುತ್ತದೆ. ಬಂದಮೇಲೆ ಫ್ರಿಜ್ಜಿನ ತಳದ ಡಬ್ಬದಲ್ಲಿ ಮತ್ತೊಮ್ಮೆ ಕೋಲ್ಡ್ ಸ್ಟೋರೇಜು. ಮುಂದಿನ ವಾರ ಇನ್ನೊಬ್ಬರ ಮನೆಗೆ ಹೋಗುವಾಗ ಸ್ಟಿಕರ್ ಕಿತ್ತು ಹೊರಡುವುದು.

2025ರ ಫೆಬ್ರವರಿಯಲ್ಲಿ ನರಸೀಪುರದ ಕುಂಭಮೇಳಕ್ಕೆ ಹೋದಾಗ ಸೂಪರ್‌ವೈಸರ್ ದಂಪತಿ ಷಡ್ಡಕನ ಮನೆಗೆ ಒಯ್ದದ್ದೂ ಆಪಲ್ಲೇ. ಕಪಿಲೆ ನಂಜನಗೂಡನ್ನು ಬಳಸಿ, ಸುತ್ತೂರಿನ ಮಗ್ಗುಲಲ್ಲಿ ಹರಿದು, ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಹೋದ ನೀರು ಹಿಂದಕ್ಕೆ ಬರುವುದಿಲ್ಲ. ಆಪಲ್ ಬರುತ್ತದೆ.

ಬಾಳೆಗೆ ಹೆಸರಾದ ಊರಲ್ಲಿ ಆಪಲ್ ಯಾಕೆ ಎಂದು ಕೇಳಬಹುದು. ನಂಜನಗೂಡಿನ ರಸಬಾಳೆಗೆ 2005–06ರ ಸಾಲಿನಲ್ಲೇ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಆದರೆ ಪನಾಮಾ ಸೊರಗು ರೋಗ ಅದಕ್ಕಿಂತ ಮೊದಲೇ ತೋಟಗಳನ್ನು ತಿಂದು ಹಾಕಿತ್ತು. ಬೇರಿನಿಂದ ಒಳನುಗ್ಗುವ ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ, ಗಿಡ ಕಿತ್ತರೂ ಜಾಗ ಬಿಡುವುದಿಲ್ಲ. ದೇವರಸನಹಳ್ಳಿ ಕಡೆಯ ಅಪ್ಪಟ ರಸಬಾಳೆ ಒಂದು ಚಿಪ್ಪು ಸಿಕ್ಕರೆ ಜನ ದೇವರಿಗಿಟ್ಟು ಕಣ್ಣಿಗೊತ್ತಿಕೊಂಡು ತಿನ್ನುತ್ತಾರೆ. ಅದನ್ನು ಹಿಟ್ಟಿನಲ್ಲದ್ದಿ ಎಣ್ಣೆಗೆ ಬಿಡುವವನಿಗೆ ಊರಲ್ಲಿ ಹೆಣ್ಣು ಸಿಗಲಾರದು. ತೆಳು ಸಿಪ್ಪೆಯ ಮೆತ್ತನೆಯ ಹಣ್ಣು ಅದು, ಬಾಣಲೆಯಲ್ಲಿ ನಿಲ್ಲುವುದೂ ಇಲ್ಲ. ಆದ್ದರಿಂದ ಬೋಂಡದ ಬಾಣಲೆಗೆ ಬಲಿ ಹೋಗಬೇಕಾದ್ದು ಪರಸ್ಥಳದ ಹಣ್ಣೇ.

ಸೂಪರ್‌ವೈಸರ್ ಮೊಬೈಲಿನಲ್ಲಿ ವಿಡಿಯೊ ಒಂದನ್ನು ಹನ್ನೊಂದು ಸಲ ನೋಡಿದ್ದರು. ಆಪಲ್ಲನ್ನು ಅರ್ಧ ಇಂಚು ದಪ್ಪದ ಬಳೆಗಳಂತೆ ಕೊಯ್ಯಬೇಕು, ನಡುವಿನ ಬೀಜದ ಗೂಡನ್ನು ದುಂಡಗೆ ತೆಗೆಯಬೇಕು. ತೆಗೆಯಲು ಸಾಧನ ಬೇಕು. ಅವರು ಬಚ್ಚಲುಮನೆಗೆ ಹೋಗಿ ಹಲ್ಲುಪುಡಿ ಡಬ್ಬಿಯ ಮುಚ್ಚಳ ತಂದರು. 1913ರಲ್ಲಿ ಬಿ.ವಿ. ಪಂಡಿತರು ತೆರೆದ ಸದ್ವೈದ್ಯಶಾಲೆಯ ಹಲ್ಲುಪುಡಿ ಈ ಊರಿನ ಹೆಸರನ್ನು ಎಷ್ಟೋ ಬಚ್ಚಲುಮನೆಗಳಿಗೆ ಒಯ್ದಿದೆ ನಿಜ. ಬೋಂಡದೊಳಕ್ಕೂ ಒಯ್ಯಬೇಕೆಂದು ಪಂಡಿತರು ಅಂದುಕೊಂಡಿರಲಿಕ್ಕಿಲ್ಲ. "ರೀ, ಇಡ್ರಿ ಅದನ್ನ ಕೆಳಗೆ!" ಎಂದು ಹೆಂಡತಿ ಕೂಗಿ, ಚಾಕುವಿನ ತುದಿಯಲ್ಲಿ ನಾಲ್ಕು ಸಲ ತಿರುವಿ ಗೂಡು ಎಬ್ಬಿಸಿ ತೋರಿಸಿ ಹೋದರು.

ಕೊಯ್ದ ಹಣ್ಣು ಗಾಳಿಗೆ ಕಂದುತ್ತದೆ ಎಂದು ನಿಂಬೆಹುಳಿ ಹಿಂಡಿದ ನೀರಿನಲ್ಲಿ ಮುಳುಗಿಸಿದರು. ಇದನ್ನು ಒಪ್ಪಲೇಬೇಕು, ಸರಿಯಾದ ಕ್ರಮ. ಹುಳಿ ಬಿದ್ದರೆ ಬಣ್ಣ ಕೆಡಿಸುವ ಕಿಣ್ವದ ಕೈ ಕಟ್ಟುತ್ತದೆ. ಇದನ್ನು ಷಡ್ಡಕನಿಗೆ ವಿವರಿಸಲು ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಹಣ್ಣು ಕುಡಿದ ನೀರಿನ ಲೆಕ್ಕ ಮಾತ್ರ ಯಾರೂ ಇಡಲಿಲ್ಲ.

ಮುಂದಿನದು ಹಿಟ್ಟು. ಸೂಪರ್‌ವೈಸರ್ ಬಳಿ ಬ್ಯಾಟರಿಯ ತಕ್ಕಡಿಯಿದೆ. ಮೈದಾ 150 ಗ್ರಾಂ, ಸಕ್ಕರೆ 20 ಗ್ರಾಂ, ಎಲ್ಲವೂ ಸರಾಗ. ತಕರಾರು ಎದ್ದದ್ದು ಅಡುಗೆ ಸೋಡಾಕ್ಕೆ. ವಿಡಿಯೊದವರು ಚಿಟಿಕೆ ಎಂದಿದ್ದರು. "ಯಾರ ಚಿಟಿಕೆ? ನಿಂದಾ, ನಂದಾ?" ಎಂದು ಅವರು ಹೆಂಡತಿಯನ್ನು ಕೇಳಿದರು. ಒಂದು ಗ್ರಾಮಿಗಿಂತ ಕಡಿಮೆಯಾದರೆ ತಕ್ಕಡಿ ಸೊನ್ನೆ ತೋರಿಸುತ್ತಿತ್ತು.

ಅಲ್ಲಿಯವರೆಗೆ ಬಾಗಿಲಿಗೊರಗಿ ನಿಂತಿದ್ದ ಷಡ್ಡಕ ಬಾಯಿ ಬಿಟ್ಟದ್ದು ಆಗ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಆಸಾಮಿ. "ಅಣ್ಣ, ಅದಕ್ಕೇ ನಮ್ಮೂರ ದೇವರು ಕೈಲಿ ಗುಲಗಂಜಿ ಹಿಡ್ಕೊಂಡಿರೋದು."

ಗುಂಜಾ ನರಸಿಂಹಸ್ವಾಮಿಯ ಹೆಬ್ಬೆರಳು ತೋರುಬೆರಳಿನ ನಡುವೆ ಗುಲಗಂಜಿ ಇರುವುದು ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಊರವರ ನಂಬಿಕೆ. ಷಡ್ಡಕ ಈ ಮಾತನ್ನು ಆಡದೆ ನಂಜನಗೂಡಿನಿಂದ ಬಸ್ಸು ಹತ್ತಿದ ದಾಖಲೆಯಿಲ್ಲ. "ನಿಮ್ಮೂರು ದಕ್ಷಿಣ ಕಾಶಿ, ಒಪ್ಪಿದೆ. ಅಂದ್ರೆ ಕಾಶಿಗೆ ಸಮ. ನಾವು ಅದರ ಮೇಲೆ ಒಂದು ಗುಲಗಂಜಿ."

ಸೂಪರ್‌ವೈಸರ್ ಸಿಟ್ಟಾಗಲಿಲ್ಲ. ಕಾಗದ ತೆಗೆದುಕೊಂಡರು. ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಎಂಟು ಗುಲಗಂಜಿಗೆ ಹೆಚ್ಚುಕಡಿಮೆ ಒಂದು ಗ್ರಾಂ. ಸೋಡಾ ನಾಲ್ಕು ಗುಲಗಂಜಿ ಸಾಕು ಎಂದು ತೀರ್ಮಾನವಾಯಿತು. ಒಂದು ಗ್ರಾಂ ತೂಗಿ, ತಟ್ಟೆಯ ಮೇಲೆ ಸುರಿದು, ಎಟಿಎಂ ಕಾರ್ಡಿನಿಂದ ಎರಡು ಪಾಲು ಮಾಡಿ, ಒಂದು ಪಾಲನ್ನು ಹಿಟ್ಟಿಗೆ ಬೆರೆಸಿದರು. ಹಾಗೆ ಬಿದ್ದದ್ದು ಅವರ ಹೆಂಡತಿಯ ಒಂದು ಚಿಟಿಕೆಗೆ ಸರಿಯಾಗಿತ್ತು.

ಎಣ್ಣೆಯ ಕಾವಿನ ಪ್ರಸಂಗವಂತೂ ಬೀದಿಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕರಿಯುವ ಎಣ್ಣೆ 180 ಡಿಗ್ರಿ ಆಸುಪಾಸಿನಲ್ಲಿರಬೇಕು, ಕಡಿಮೆಯಾದರೆ ಹಿಟ್ಟು ಎಣ್ಣೆ ಕುಡಿಯುತ್ತದೆ, ಹೆಚ್ಚಾದರೆ ಸಕ್ಕರೆಯಿರುವ ಹಿಟ್ಟು ಹೊರಗೆ ಕರಿಕಲು, ಒಳಗೆ ಹಸಿ. ಇದೂ ಸರಿಯೇ. ಅಳೆಯುವುದಕ್ಕೆ ಅವರು ಬೀರುವಿನಿಂದ ತಂದದ್ದು 2020ರ ಕೊರೊನಾ ಕಾಲದಲ್ಲಿ ಕೊಂಡಿದ್ದ, ಹಣೆಗೆ ಹಿಡಿಯುವ ಜ್ವರದ ಯಂತ್ರ. ಬಾಣಲೆಗೆ ಗುರಿಯಿಟ್ಟು ಗುಂಡಿ ಒತ್ತಿದರು. ಮನುಷ್ಯರ ಜ್ವರಕ್ಕೆಂದು ಮಾಡಿದ ಯಂತ್ರ ಕೀ ಕೀ ಎಂದು ಕಿರುಚಿ ಕೆಂಪು ದೀಪ ಹತ್ತಿಸಿತು. "ಎಣ್ಣೆಗೆ ಕೊರೊನಾ ಬಂದದೆ ಭಾವ, ಕ್ವಾರಂಟೈನ್ ಮಾಡ್ಸಿ," ಎಂದಳು ನಾದಿನಿ ಹಾಲ್‌ನಿಂದಲೇ. ಹೆಂಡತಿ ಬಂದು ಬೆರಳ ತುದಿಯಿಂದ ಒಂದು ಹನಿ ಹಿಟ್ಟು ಬಿಟ್ಟರು. ಅದು ತಳಕ್ಕಿಳಿದು, ಒಂದು ಕ್ಷಣ ಯೋಚಿಸಿ, ಸುತ್ತಲೂ ನೊರೆ ಕಟ್ಟಿಕೊಂಡು ಮೇಲೆದ್ದು ಬಂತು. "ಹಾಕಿ ಈಗ," ಎಂದರು.

ಹಾಕಿದರು. ಹಿಟ್ಟು ಒಂದು ಕಡೆ ಹೋಯಿತು, ಆಪಲ್ ಇನ್ನೊಂದು ಕಡೆ. ಸೇಬಿನಲ್ಲಿ ನೂರಕ್ಕೆ ಎಂಬತ್ತೈದರಷ್ಟು ನೀರೇ ಇರುತ್ತದೆ. ಮೇಲೆ ನಿಂಬೆನೀರಿನ ಸ್ನಾನ ಬೇರೆ ಆಗಿತ್ತು. ಒದ್ದೆ ಮೈಗೆ ಅಂಗಿ ತೊಡಿಸಿದಂತೆ ಹಿಟ್ಟು ಅರ್ಧಂಬರ್ಧ ಅಂಟಿ, ಬಿಸಿ ತಾಗುತ್ತಲೇ ಜಾರಿತು. ಬಾಣಲೆಯಲ್ಲಿ ಬತ್ತಲೆ ಆಪಲ್ಲುಗಳು ಚಟಪಟ ಸಿಡಿದು ಸೂಪರ್‌ವೈಸರನ್ನು ಫ್ರಿಜ್ಜಿನ ತನಕ ಹಿಂದಟ್ಟಿದವು. "ಇದು ಟ್ರಯಲ್ ಬ್ಯಾಚು," ಎಂದು ಅವರು ಅಲ್ಲಿಂದಲೇ ಪ್ರಕಟಿಸಿದರು. ಕಾರ್ಖಾನೆಯಲ್ಲಿ ಕೆಟ್ಟದ್ದಕ್ಕೆಲ್ಲ ಈ ಹೆಸರಿದೆ.

ಆ ಹೊತ್ತಿಗೆ ಮೊಬೈಲ್ ರಿಂಗಾಯಿತು. ಮಗನದು, ಬೆಂಗಳೂರಿನಿಂದ. ಅಪ್ಪ ವರಾಂಡಕ್ಕೆ ಹೋಗಿ ತಾವು ಅಡುಗೆ ಮಾಡುತ್ತಿರುವ ಸಂಗತಿಯನ್ನು ವಿಸ್ತಾರವಾಗಿ ತಿಳಿಸುತ್ತಿದ್ದಾಗ ಅಕ್ಕತಂಗಿಯರು ಒಳಗೆ ಸೇರಿಕೊಂಡರು. ಒಬ್ಬಳು ಹಣ್ಣಿನ ಬಿಲ್ಲೆಗಳನ್ನು ಹಳೇ ಪಂಚೆಯ ಮೇಲೆ ಹರಡಿ ಒತ್ತಿ ನೀರು ತೆಗೆದು, ಒಣ ಮೈದಾದಲ್ಲಿ ಎರಡೂ ಮಗ್ಗುಲು ಹೊರಳಿಸಿದಳು. ಇನ್ನೊಬ್ಬಳು ಹಿಟ್ಟಿಗೆ ಎರಡು ಹಿಡಿ ಅಕ್ಕಿಹಿಟ್ಟು, ಒಂದು ಕಲ್ಲು ಉಪ್ಪು ಹಾಕಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದಳು. ತೂಕ ಮಾಡಲಿಲ್ಲ. ಒಂದೂವರೆ ನಿಮಿಷದ ಕೆಲಸ. ವಾಪಸು ಬಂದು ಕುರ್ಚಿಯಲ್ಲಿ ಕುಳಿತು ಧಾರಾವಾಹಿಯ ಮಾತು ಮುಂದುವರಿಸಿದರು.

ಎರಡನೆಯ ಬ್ಯಾಚು ಪೂರಿಯಂತೆ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಒಂದೂ ಅಂಗಿ ಬಿಚ್ಚದೆ ಮೇಲೆ ತೇಲಿತು. "ನೋಡಿದ್ರಾ? ಹಿಟ್ಟು ಸ್ವಲ್ಪ ಹೊತ್ತು ನೆನೀಬೇಕು. ಅದೇ ಗುಟ್ಟು," ಎಂದರು ಸೂಪರ್‌ವೈಸರ್. ಅಕ್ಕತಂಗಿಯರು ನೋಡಿದರು.

ನಳನೂ ಭೀಮನೂ ಇಂಥವರಿಗೆ ಆದರ್ಶ. 16ನೆಯ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ ಮಂಗರಸ ಇದೇ ಮೈಸೂರು ಸೀಮೆಯ ಕಲ್ಲಹಳ್ಳಿಯ ಅರಸು. ಅದಕ್ಕೂ ಐನೂರು ವರ್ಷ ಹಿಂದೆ 'ಲೋಕೋಪಕಾರ'ದಲ್ಲಿ ಅಡುಗೆಗೊಂದು ಅಧ್ಯಾಯ ಕೊಟ್ಟ ಚಾವುಂಡರಾಯನೂ ಗಂಡಸು. ಕನ್ನಡದ ಹಳೆಯ ಪಾಕಶಾಸ್ತ್ರ ಬರೆದವರ ಹೆಸರುಗಳು ಹೀಗೆ ಉಳಿದಿವೆ. ಆ ಪಾಕಗಳ ಬಾಣಲೆ ಉಜ್ಜಿದವರ ಹೆಸರು ಯಾವ ತಾಳೆಗರಿಯಲ್ಲೂ ಸಿಕ್ಕಿಲ್ಲ. ಅಂದು ಆ ಮನೆಯ ಸಿಂಕಿನಲ್ಲಿ ಬಿದ್ದ ಪಾತ್ರೆಗಳು ಹತ್ತೊಂಬತ್ತು, ಜ್ವರದ ಯಂತ್ರ ಬಿಟ್ಟು.

ಕೊನೆಯ ಹಂತದಲ್ಲಿ ಸಕ್ಕರೆಪುಡಿಗೆ ಚಕ್ಕೆಪುಡಿ ಬೆರೆಸಿ ಬಿಸಿ ಬೋಂಡದ ಮೇಲೆ ಉದುರಿಸಬೇಕು. ಹೊರದೇಶದಲ್ಲಿ ಆಪಲ್ಲಿಗೂ ಚಕ್ಕೆಗೂ ಗಂಡಹೆಂಡಿರಷ್ಟು ನಂಟು. ನಮ್ಮಲ್ಲಿ ಚಕ್ಕೆ ಕೂಡಿ ಬಾಳುವುದು ಲವಂಗ, ಶುಂಠಿ, ಬೆಳ್ಳುಳ್ಳಿ ಜೊತೆ, ಅದೂ ಕುಕ್ಕರಿನಲ್ಲಿ. ಸೂಪರ್‌ವೈಸರ್ ಚಕ್ಕೆಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಕುಟ್ಟಿದರು. ಘಮ ಕಿಟಕಿ ದಾಟಿ ಕಾಂಪೌಂಡು ಹಾರಿತು. ಎರಡು ನಿಮಿಷಕ್ಕೆ ಪಕ್ಕದ ಮನೆಯ ಅಜ್ಜಿ ಗೇಟಿನ ಹತ್ತಿರ ಹಾಜರು.

"ಏನವ್ವ, ಸ್ವಾಮಾರದ ದಿಸ ಬಾಡಿನ ವಾಸ್ನೆ ಬತ್ತಾ ಅದೆ ನಿಮ್ಮನೇಲಿ? ನಂಜುಂಡಪ್ಪ ಮೆಚ್ಚಾನಾ?"

"ಬಾಡಲ್ಲ ಅಜ್ಜಿ, ಆಪಲ್ ಬೋಂಡ. ನಮ್ಮೆಜಮಾನ್ರು ಮಾಡವ್ರೆ."

ಅಜ್ಜಿ ಒಂದು ತೆಗೆದುಕೊಂಡು ಉರುಟಿ ನೋಡಿ, ಮೂಸಿ, ಕಡಿದರು. "ಒಳಗೆ ಏನೋ ಬೆಂದ ಸೀಮೆಬದನೆಕಾಯಿ ಇದ್ದಂಗದೆ. ಮ್ಯಾಲಿಂದು ಚೆಂದಾಗದೆ," ಎಂದು ಇನ್ನೆರಡು ಸೆರಗಿಗೆ ಹಾಕಿಕೊಂಡು ಹೋದರು. ವಿಷ ನುಂಗಿ ನಂಜುಂಡನೆನಿಸಿಕೊಂಡವನ ಊರು ಇದು, ತಿನ್ನುವ ವಿಷಯದಲ್ಲಿ ಜನ ಹಿಂಜರಿಯುವುದಿಲ್ಲ. ನಿಜ ಹೇಳಬೇಕೆಂದರೆ ಬೋಂಡ ಚೆನ್ನಾಗಿಯೇ ಇತ್ತು. ಅಂಚು ಗರಿಗರಿ, ಒಳಗೆ ಹುಳಿಸಿಹಿ ಮೆದು, ಅಕ್ಕಿಹಿಟ್ಟಿನ ಕಟಕಟ ಸದ್ದು. ಷಡ್ಡಕ ಆರನೆಯದನ್ನು ತಿನ್ನುತ್ತಾ "ಪರವಾಗಿಲ್ಲ ಅಣ್ಣ, ಅಂಗಡಿಯದಕ್ಕಿಂತ ಒಂದು ಗುಲಗಂಜಿ ಹೆಚ್ಚು," ಎಂದ. ಸೂಪರ್‌ವೈಸರ್ ಡೈರಿಯಲ್ಲಿ ಬರೆದುಕೊಂಡರು. ಬ್ಯಾಚ್ 2, ಪಾಸ್.

ಸಂಜೆ ಹೊರಡುವಾಗ ನಾದಿನಿಗೆ ಅರಿಶಿನ ಕುಂಕುಮದ ಜೊತೆ ಒಂದು ಚೀಲ. ಬರಿಗೈಯಲ್ಲಿ ಕಳಿಸಬಾರದಲ್ಲ. ಒಳಗೆ ಡಬ್ಬಿ ತುಂಬ ಬೋಂಡ, ಅದರ ಕೆಳಗೆ ಉಳಿದ ಐದು ಆಪಲ್. ಒಂದರ ಮಗ್ಗುಲಲ್ಲಿ ಬೆಳಿಗ್ಗೆ ಬಸ್ಸಿನಲ್ಲಿ ಬಿದ್ದಾಗ ಆಗಿದ್ದ ತಗ್ಗು ಹಾಗೇ ಇತ್ತು. ನಾದಿನಿ ಅದನ್ನು ನೋಡಿ ಗುರುತು ಹಿಡಿದಳು, ಏನೂ ಅನ್ನಲಿಲ್ಲ. ಬರುವ ಗುರುವಾರ ಅವರಿಗೆ ಬನ್ನೂರಿನಲ್ಲಿ ಒಂದು ನಾಮಕರಣವಿತ್ತು.

ಬಸ್ಸು ಸುತ್ತೂರು ತಲುಪುವಷ್ಟರಲ್ಲಿ ಷಡ್ಡಕನ ಫೋನು ಬಡಿಯಿತು. "ತಮ್ಮಾ, ಡಬ್ಬಿ ಮುಚ್ಚಳ ಸ್ವಲ್ಪ ತೆಗೆದಿಡು. ಹಬೆ ಕಟ್ಟಿದ್ರೆ ಬೋಂಡ ಮೆತ್ತಗಾಯ್ತದೆ. ರಾತ್ರಿ ಎಂಟಕ್ಕೆ ಒಂದು ತಿಂದು ಗರಿ ಹೆಂಗದೆ ಅಂತ ರಿಪೋರ್ಟ್ ಮಾಡು."

ಷಡ್ಡಕ ತೊಡೆಯ ಮೇಲಿನ ಡಬ್ಬಿ ನೋಡಿಕೊಂಡ. ತಳದಲ್ಲಿ ಚಕ್ಕೆಪುಡಿ ಮಾತ್ರ ಇತ್ತು.

"ಆಯ್ತು ಅಣ್ಣ," ಎಂದ, ಬೆರಳು ನೆಕ್ಕುತ್ತಾ. "ಎಂಟಕ್ಕೆ ಸರಿಯಾಗಿ ಹೇಳ್ತೀನಿ."