ಖುದ್ದು ಹಾಜರಿರತಕ್ಕದ್ದು

(ಮಹಾರಾಷ್ಟ್ರದ ನಿಲಂಗಾದ ಒಂದು ಸರ್ಕಾರಿ ಟೇಬಲ್ಲು. ಈಚೆ ಅಣ್ಣ, ಜತೆಗೆ ಉದಗೀರದಿಂದ ಬಂದ ವಕೀಲೆ.)

ಗುಮಾಸ್ತ: ಸಂಜಯ ಗಾಂಧಿ ನಿರಾಧಾರ ಯೋಜನಾದ ಮಾಸಾಶನಕ್ಕ? ಫಲಾನುಭವಿ ಎಲ್ಲಿ?

ಅಣ್ಣ: ನನ್ನ ತಮ್ಮರಿ, ಮನ್ಯಾಗ ಅದಾನ. ಮಂದೀನ ಕಂಡ್ರ ಕೋಣಿ ಬಾಗ್ಲ ಹಾಕ್ಕೋತಾನ.

ಗುಮಾಸ್ತ: ಕೈಕಾಲು?

ಅಣ್ಣ: ನೆಟ್ಟಗವ್ರಿ.

ಗುಮಾಸ್ತ: ಮತ್ತ ಅಂಗವಿಕಲ ಹೆಂಗಾದ?

ವಕೀಲೆ: ಅಂಗವಿಕಲರ ಹಕ್ಕಿನ 2016ರ ಕಾಯ್ದೆ ಓದ್ರಿ, ಮನೋರೋಗಾನೂ ಅದರಾಗ ಐತಿ. ಶೇಕಡಾ 40 ಇದ್ರ ಸಾಕು. ಇವನದು 60. ತಗೋರಿ ಸರ್ಟಿಫಿಕೇಟು.

ಗುಮಾಸ್ತ: (ತಿರುವಿ ನೋಡಿ) ಅಂದ್ರ ಉಳಿದ 40 ಶಾಣ್ಯಾ ಅದಾನಲ್ಲ? ಅದನ್ನ ಕಳಸ್ರಿ, ಬಂದು ಸಹಿ ಮಾಡ್ಲಿ.

ಅಣ್ಣ: ಸಾಹೇಬ್ರ...

ಗುಮಾಸ್ತ: 15 ವರ್ಷ ಮಹಾರಾಷ್ಟ್ರದಾಗ ಅದೀರಿ ಅಂತ ದಾಖಲೆ? ನೀವು ಮಾತಾಡೂದು ಕನ್ನಡ. (ಕೇಳಿದ್ದೂ ಕನ್ನಡದಲ್ಲೇ. ಫಾರ್ಮು ಮಾತ್ರ ಮರಾಠಿ.)

ಅಣ್ಣ: ನಮ್ಮಜ್ಜನೂ ಇಲ್ಲೇ ಹುಟ್ಟಿದ್ದ್ರಿ. ಆಗ ನಿಜಾಮನ ರಾಜ್ಯ.

ಗುಮಾಸ್ತ: ಹಂಗಾದ್ರ ನಿಜಾಮನ ಸಹಿ ತರ್ರಿ.

ವಕೀಲೆ: ಬ್ಯಾಡ. 1987ರ ಕಾಯ್ದೆ ಪ್ರಕಾರ ಇವರ ತಮ್ಮಗ ಕಾನೂನು ನೆರವು ಪುಕ್ಕಟೆ. ಅರ್ಜಿ ಯಾಕ ತಿರಸ್ಕಾರ ಮಾಡಿದ್ರಿ, ಅಷ್ಟ ಬರದು ಕೊಡ್ರಿ.

ಗುಮಾಸ್ತ: (ಪೆನ್ನು ಮುಚ್ಚಿ) ಬರವಣಿಗ್ಯಾಗ? ತಿರಸ್ಕಾರ ಯಾರ ಮಾಡ್ಯಾರ್ರಿ ಬಾಯಾರ? ಕುಂದರ್ರಿ. ಏ, ಮೂರು ಚಾ ತಾರೋ!