ಬ್ಯಾರನ್ನಿನಲ್ಲಿ ಬೆಂದ ವಿಜ್ಞಾನಿ

ಹುಣಸೂರಿನ ನಮ್ಮ ಬೀದಿಯವರೆಲ್ಲ ತಾರಸಿಗೆ ಸೋಲಾರ್ ಹಾಕಿಸಿ ಕರೆಂಟ್ ಬಿಲ್ ಇಳಿಸಿಕೊಂಡರು. ನಾನು ಹಾಕಿಸಲಿಲ್ಲ. ದುಡ್ಡಿರಲಿಲ್ಲವೆಂದಲ್ಲ, ಜ್ಞಾನ ಜಾಸ್ತಿಯಾಗಿತ್ತು. "ಸಿಲಿಕಾನ್ ಕಾಲ ಮುಗೀತು, ಪೆರೋವ್‌ಸ್ಕೈಟ್ ಬರ್ತಾ ಇದೆ" ಎಂದು ಸಿಕ್ಕಿದವರನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದೆ. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಈ ಹರಳಿನಿಂದ ಮಾಡಿದ ಸೌರಕೋಶದ ದಕ್ಷತೆ ಬರೀ ಶೇ. 3.8, ಈಗ ಪ್ರಯೋಗಾಲಯದಲ್ಲಿ ಶೇ. 26 ದಾಟಿದೆ. ದ್ರಾವಣವನ್ನು ಗಾಜಿಗೆ ಬಳಿದರಾಯಿತು! ಬೀದಿಯವರು ನನ್ನನ್ನು ಕಂಡು ಅಡ್ಡರಸ್ತೆ ಹಿಡಿಯತೊಡಗಿದ ಮೇಲೆ ನೆಂಟರ ಊರುಗಳಿಗೆ ಹೊರಟೆ.

ಕೆ.ಆರ್. ನಗರದ ಅಕ್ಕ ಗದ್ದೆ ಬದುವಿನಲ್ಲೇ ವಿಚಾರಣೆ ಶುರು ಮಾಡಿದಳು.

"ಅದ್ರಲ್ಲಿ ಏನಿರ್ತದೋ?"

"ಸೀಸ, ಅಯೋಡಿನ್..."

"ನೀರು ಬಿದ್ರೆ?"

"ಕರಗ್ತದೆ."

ಅಕ್ಕ ನಾಟಿ ಹಾಕಿದ ಗದ್ದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಬಾ, ಉಂಡ್ಕೊ. ನಿನ್ ಪ್ಯಾನೆಲ್ ಬಂದ್ಮೇಲೆ ಈ ಅನ್ನ ಸಿಗ್ತದೋ ಇಲ್ವೋ."

ಪಿರಿಯಾಪಟ್ಟಣದಲ್ಲಿ ಜಡಿಮಳೆ. ಭಾಮೈದ ತಂಬಾಕು ಹದಮಾಡುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದ. ಅವನಿಗೆ ಬಾಳಿಕೆಯ ಪಾಠ ಮಾಡಿದೆ: ಕಾವು ತಡೆಯಲೆಂದು ಹರಳಿಗೆ ಸೀಸಿಯಂ, ಫಾರ್ಮಮಿಡಿನಿಯಂ ಬೆರೆಸುತ್ತಾರೆ, ಮೇಲ್ಮೈಯ ಲೋಪ ಮುಚ್ಚುತ್ತಾರೆ, ತೇವ ನುಗ್ಗದಂತೆ ಗಾಜಿನ ಅಂಚು ಬಿಗಿಯುತ್ತಾರೆ. ಪರೀಕ್ಷೆಯಲ್ಲಿ ಪ್ಯಾನೆಲ್ಲು 85 ಡಿಗ್ರಿ ಕಾವು, ಶೇ. 85 ತೇವದಲ್ಲಿ 1000 ಗಂಟೆ ಕೂರಬೇಕು.

"ನಮ್ ಬ್ಯಾರನ್ನೇ ಅನ್ನಿ ಭಾವ" ಎಂದ.

"ಇಲ್ಲಿ ಅಷ್ಟು ಕಾವೆಲ್ಲಿ?" ಎಂದು ಥರ್ಮಾಮೀಟರ್ ನೋಡಲು ಒಳನುಗ್ಗಿದೆ. ಸಾವಿರ ಗಂಟೆ ಹಾಗಿರಲಿ, ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಕುಸಿದೆ. ಎಳೆದು ಹೊರಗೆ ಹಾಕಿ ಮಜ್ಜಿಗೆ ಕುಡಿಸಿದರು. ಕಪ್ಪಗಿರುವ ಪೆರೋವ್‌ಸ್ಕೈಟ್ ಕೆಟ್ಟಾಗ ಹಳದಿಗೆ ತಿರುಗುತ್ತದೆ. ನನ್ನ ಮುಖವೂ ಹಾಗೇ ಆಗಿತ್ತಂತೆ.

ಎಚ್.ಡಿ. ಕೋಟೆಯ ಕಾಡಂಚಿನ ಚಿಕ್ಕಪ್ಪ ಸೋಲಾರ್ ಬೇಲಿ ಬಿಗಿಯುತ್ತಲೇ ಕೇಳಿದರು: "ಮರ ಕೆಡವಿ ಬೇಲಿ ದಾಟೋ ಆನೆ ಇರೋ ಊರು ಇದು. ಶೇಕಡ ಗಿಕಡ ಬುಡು ಮಗ, ಎಷ್ಟು ವರ್ಸ ಬಾಳ್ತದೆ?"

ಸಿಲಿಕಾನಿಗೆ 25 ವರ್ಷದ ವಾರಂಟಿ ಕೊಡುತ್ತಾರೆ. ನಾನು ಮಾತನ್ನು ಕಬಿನಿ ನೀರಿನ ಮಟ್ಟದತ್ತ ತಿರುಗಿಸಿದೆ.

ಮನೆಗೆ ಬಂದರೆ ಹೆಂಡತಿ ಆಗಲೇ ಸಿಲಿಕಾನ್ ಪ್ಯಾನೆಲ್ಲಿಗೆ ಮುಂಗಡ ಕೊಟ್ಟಿದ್ದಳು. "ನಿಮ್ಮದು ಬಂದಾಗ ಇದರ ಮೇಲೇ ಬಳ್ಕೊಳ್ಳಿ" ಎಂದಳು.

ಜಗತ್ತಿನ ಪ್ರಯೋಗಾಲಯಗಳು ಹೆಣಗುತ್ತಿರುವುದೂ ಅದಕ್ಕೇ. ಮೇಲಿನ ಪೆರೋವ್‌ಸ್ಕೈಟ್ ಪದರ ನೀಲಿ ಬೆಳಕು ಹೀರುತ್ತದೆ, ಕೆಳಗಿನ ಸಿಲಿಕಾನ್ ಕೆಂಪನ್ನು. ಎರಡೂ ಸೇರಿ ದಕ್ಷತೆ ಶೇ. 34 ದಾಟಿದೆ. ಇದನ್ನು ಅವಳಿಗೆ ಹೇಳಲಿಲ್ಲ. ಮನೆಗೊಬ್ಬ ವಿಜ್ಞಾನಿ ಸಾಕು.